ಸ್ಟೇಷನ್ 20 ವರ್ಸ್ಟ್ ದೂರ

ಲೋ ಗೆಳೆಯಾ,

ಇದನ್ನು ಎಲ್ಲರೂ ಓದುವ ಜಾಗದಲ್ಲಿ ಹಾಕುತ್ತಿದ್ದೇನೆ. ಬೈಯುವುದಾದರೆ ಬೈಯಿ, ಹಲಸಿನ ಹಣ್ಣಿನ ವಿಷಯ ಮಾತ್ರ ಎತ್ತಬೇಡ.

ನೀನು ಕೊಟ್ಟ ಟಾಲ್‌ಸ್ಟಾಯ್ ಕಾದಂಬರಿ ‘ಅನ್ನಾ ಕರೆನಿನಾ’ ಮತ್ತೆ ಹಿಡಿದಿದ್ದೇನೆ. ಎಲ್ಲರೂ ಅನ್ನಾ ಜೀವ ಕೊಡುವ ಕೊನೆಯ ರೈಲಿನ ಬಗ್ಗೆಯೇ ಮಾತಾಡುತ್ತಾರೆ. ನನ್ನನ್ನು ಹಿಡಿದು ಕೂರಿಸಿದ್ದು ಮೊದಲ ಭಾಗದ ರಾತ್ರಿ ರೈಲು. ಮಾಸ್ಕೋದಿಂದ ಪೀಟರ್ಸ್‌ಬರ್ಗ್‌ಗೆ, ಸುಮಾರು 650 ಕಿಲೋಮೀಟರ್. ಕಿಟಕಿಗೆ ಹಿಮ ಬಡಿಯುತ್ತಿದೆ. ಅನ್ನಾ ಕೈಯಲ್ಲಿ ಇಂಗ್ಲಿಷ್ ಕಾದಂಬರಿ, ಹಾಳೆ ಬಿಡಿಸುವ ಸಣ್ಣ ಚಾಕು. ಚಾಕುವನ್ನು ಗಾಜಿನ ಮೇಲೆ ಎಳೆದು, ತಣ್ಣಗಾದ ಅದನ್ನೇ ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಆಮೇಲೆ ರೈಲು ಮುಂದೆ ಹೋಗುತ್ತಿದೆಯೋ, ಹಿಂದೆಯೋ, ನಿಂತೇ ಇದೆಯೋ ಅವಳಿಗೆ ಗೊತ್ತಾಗುವುದಿಲ್ಲ. ಅಷ್ಟು ದೊಡ್ಡ ದೇಶವನ್ನು ಟಾಲ್‌ಸ್ಟಾಯ್ ಒಂದು ಸೀಟಿನೊಳಗೆ ತುರುಕಿಬಿಟ್ಟ.

ದಾಸ್ತೊಯೆವ್‌ಸ್ಕಿಯ ‘ಈಡಿಯಟ್’ ಶುರುವಾಗುವುದೂ ರೈಲಿನಲ್ಲೇ. ಮೂರನೇ ಕ್ಲಾಸು, ಎದುರುಬದುರು ಇಬ್ಬರು ಗುರುತಿಲ್ಲದವರು. ಪೀಟರ್ಸ್‌ಬರ್ಗ್ ಬರುವಷ್ಟರಲ್ಲಿ ಹೊಟ್ಟೆಯೊಳಗಿನ ಮಾತೆಲ್ಲ ಹೊರಗೆ.

ಚೆಕಾಫ್ ಉಲ್ಟಾ. 1901ರ ‘ಮೂವರು ಅಕ್ಕತಂಗಿಯರು’ ನಾಟಕದಲ್ಲಿ ಮಾಸ್ಕೋ ಮಾಸ್ಕೋ ಅಂತ ಜಪ ನಡೆಯುತ್ತದೆ, ಅವರು ರೈಲು ಹತ್ತುವುದೇ ಇಲ್ಲ. ಸ್ಟೇಷನ್ ಊರಿಂದ 20 ವರ್ಸ್ಟ್, ಅಂದರೆ 21 ಕಿಲೋಮೀಟರ್. ಯಾಕಷ್ಟು ದೂರ ಅಂತ ಯಾರಿಗೂ ಗೊತ್ತಿಲ್ಲ. ಸೊಲ್ಯೋನಿ ಅನ್ನುವ ಆಸಾಮಿ ಕಾರಣ ಕೊಡುತ್ತಾನೆ: ಹತ್ತಿರ ಇದ್ದಿದ್ದರೆ ದೂರ ಇರುತ್ತಿರಲಿಲ್ಲ, ದೂರ ಇದೆ ಅಂದಮೇಲೆ ಹತ್ತಿರ ಇಲ್ಲ. ಥೇಟ್ ನಮ್ಮ ಮೂಲೆ ಟೇಬಲ್ಲಿನ ಮಹಾನುಭಾವ, ಅಲ್ವಾ?

ನಗುತ್ತಾ ಓದುತ್ತಿದ್ದವನಿಗೆ ಯಾಕೋ ಇರುಸುಮುರುಸಾಯಿತು. ಬೆಂಗಳೂರಲ್ಲಿ ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ನಿನ್ನ ಹುಬ್ಬಳ್ಳಿ. ‘ರಜೆ ಸಿಗಲಿಲ್ಲ ಮಾರಾಯ’ ಅನ್ನುತ್ತಲೇ ಬಂದಿದ್ದೇನೆ. ರಜೆ ಬೇಕಾದಷ್ಟಿದೆ. ಅಪ್ಪನ ಕೊನೆಯ ದಿನಗಳ ಬಗ್ಗೆ ಹಾಸನದ ರೈಲಿನಲ್ಲಿ ಯಾರೋ ಗೊಬ್ಬರದ ವ್ಯಾಪಾರಿಗೆ ಪೂರ್ತಿ ಹೇಳಿಕೊಂಡೆ. ಅವರು ಇಳಿದು ಹೋದರು, ನಿರಾಳ. ನಿನಗೆ ಫೋನಿನಲ್ಲಿ ‘ಎಲ್ಲಾ ಸರಿ ಇದೆ’ ಅಂದೆ. ನೀನು ಇಳಿದು ಹೋಗುವವನಲ್ಲವಲ್ಲ, ಅದಕ್ಕೇ ಭಯ. ನಿನ್ನ ಪಾಲಿಗೆ ನಾನಿನ್ನೂ ಹಾಸ್ಟೆಲಿನ ಆ ಬಾಯಿಬಡುಕ. ಅವನು ಈಗ ಮನೆಯಲ್ಲೂ ಮಾತಾಡುವುದಿಲ್ಲ ಅಂತ ನೀನು ಕಣ್ಣಾರೆ ನೋಡುವುದು ನನಗೆ ಬೇಡ.

ಈ ಪ್ಯಾರಾ ಅಳಿಸೋಣ ಅಂದುಕೊಂಡೆ. ಓದಿ ನೋಡಿದರೆ ಚೆನ್ನಾಗಿ ಬಂದಿದೆ ಅನ್ನಿಸಿತು, ಬಿಟ್ಟೆ. ನನ್ನ ಯೋಗ್ಯತೆಯೇ ಇಷ್ಟು. ಉಳಿದವರು ಲೈಕ್ ಒತ್ತಿ ಮುಂದೆ ಹೋಗಿ.

ಮನೆಯವರಿಗೆ ಹೇಳು, ನಾನು ಬಂದರೆ ಗಿರ್ಮಿಟ್‌ಗೆ ಖಾರ ಜಾಸ್ತಿ ಬೇಡ. ಬಂದರೆ ಅಂದೆ, ಬರುತ್ತೇನೆ ಅಂದಿಲ್ಲ.