ಉಣ್ಣೆ ಜ್ವರ ಗುರುತಿಸದೆ ಮೂರು ದಿನ ಕಳೆದ ನಿಮ್ಮ ಪಶು ಚಿಕಿತ್ಸಾ ಸೇವೆಯ ಬಗ್ಗೆ ದೂರು

ನಮಸ್ಕಾರ,

ನಿಮ್ಮ ಸೇವೆಗೆ ಇಡೀ ವರ್ಷದ ಚಂದಾ ಕಟ್ಟಿದ್ದೇನೆ. ನಮ್ಮ ಮಿಶ್ರತಳಿ ಹಸುವಿಗೆ 106 ಡಿಗ್ರಿ ಜ್ವರ ಬಂದ ದಿನವೇ ನಿಮಗೆ ಫೋನ್ ಮಾಡಿದೆ. ಮೇವು ಮುಟ್ಟುತ್ತಿಲ್ಲ, ಮೆಲುಕು ಹಾಕುತ್ತಿಲ್ಲ, ಹಾಲು ಅರ್ಧಕ್ಕಿಳಿದಿದೆ, ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ ಉಣ್ಣೆ ಕಚ್ಚಿಕೊಂಡಿವೆ ಅಂತ ಎಲ್ಲವನ್ನೂ ಹೇಳಿದೆ. ಬಂದವರು ಬಿಸಿಲಿನ ಜ್ವರ ಅಂದರು. ಜ್ವರ ಇಳಿಯುವ ಇಂಜೆಕ್ಷನ್ ಕೊಟ್ಟು ಹೋದರು. ಮರುದಿನವೂ ಅದೇ, ಮೂರನೇ ದಿನವೂ ಅದೇ.

ಭುಜದ ಮುಂದೆ ಒಮ್ಮೆ ಕೈಯಾಡಿಸಿದ್ದರೆ ಸಾಕಿತ್ತು. ಅಲ್ಲಿ ಕೋಳಿಮೊಟ್ಟೆಯಷ್ಟು ಗಡ್ಡೆ ಊದಿತ್ತು. ಉಣ್ಣೆ ಇರುವ ಹಸುವಿಗೆ ಜ್ವರದ ಜೊತೆ ಆ ಗಡ್ಡೆಯೂ ಊದಿದ್ದರೆ ಮೊದಲು ಥೈಲೇರಿಯಾ, ಅಂದರೆ ಉಣ್ಣೆ ಕಚ್ಚಿ ರಕ್ತಕ್ಕೆ ಸೇರುವ ಸೂಕ್ಷ್ಮ ಪರೋಪಜೀವಿಯ ರೋಗ, ಅಂತ ಅನುಮಾನ ಪಡಬೇಕು, ಅಲ್ವಾ? ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಉಣ್ಣೆಯಿಂದಲೇ ಬರುವ ಇನ್ನೊಂದು ರೋಗ, ಬೇಬಿಸಿಯಾ ಇರಬಹುದು. ಎರಡಕ್ಕೂ ಔಷಧ ಬೇರೆ ಬೇರೆ, ಹಾಗಾಗಿ ಸುಮ್ನೆ ಅಂದಾಜಿನ ಮೇಲೆ ಚುಚ್ಚಿ ಹೋಗುವ ಬದಲು ಕಿವಿಯಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಪಟ್ಟಿಗೆ ಸವರಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕಿತ್ತು. ನಿಮ್ಮವರ ಚೀಲದಲ್ಲಿ ಗಾಜಿನ ಪಟ್ಟಿಯೇ ಇರಲಿಲ್ಲ.

ನಾಲ್ಕನೇ ದಿನ ಬೇರೆ ಡಾಕ್ಟರನ್ನು ಕರೆಸಿದೆವು. ಅವರು ರಕ್ತ ಪರೀಕ್ಷೆ ಮಾಡಿ ಥೈಲೇರಿಯಾ ಅಂದರು. ಹಸುವಿನ ತೂಕ ಅಳೆದು, ಕೆಜಿಗೆ 2.5 ಮಿಲಿಗ್ರಾಂ ಲೆಕ್ಕದಲ್ಲಿ ಬುಪರ್ವಾಕ್ವೋನ್ ಅನ್ನುವ ಥೈಲೇರಿಯಾ ಔಷಧವನ್ನು ಕುತ್ತಿಗೆಗೆ ಚುಚ್ಚಿದರು, ಎರಡು ದಿನ ಬಿಟ್ಟು ಇನ್ನೊಂದು ಸಲ ಕೊಟ್ಟರು. ಹಸು ಉಳಿದಿದೆ. ಆದರೆ ಅಷ್ಟರಲ್ಲಿ ಕಣ್ಣೊಳಗಿನ ಪೊರೆ ಪೂರ್ತಿ ಬಿಳಿಚಿಕೊಂಡಿತ್ತು, ಆರು ತಿಂಗಳ ಗಬ್ಬ ಇತ್ತು, ಕಂದು ಹಾಕಿತು. ಆ ಮೂರು ದಿನ ಹಾಳಾಗದೇ ಇದ್ದಿದ್ದರೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ. ಹೋದ ತಿಂಗಳು ನಿಮ್ಮವರೇ ಉಣ್ಣೆ ಔಷಧ ಹೊಡೆದಿದ್ದರು, ಅದೂ ಹಸುವಿನ ಮೈಗೆ ಮಾತ್ರ, ಒಂದೇ ಸಲ. ರಕ್ತ ಕುಡಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು ಕೊಟ್ಟಿಗೆಯ ಗೋಡೆ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಗೋಡೆ, ನೆಲ, ಗೊಂತಿನ ಸಂದಿಗೆ ಔಷಧ ಹೊಡೆಯದೆ ಬಿಟ್ಟರೆ ಮೊಟ್ಟೆಯೊಡೆದ ಮರಿಗಳು ಮತ್ತೆ ಹತ್ತುತ್ತವೆ. ಥೈಲೇರಿಯಾಗೆ ಲಸಿಕೆ ಇದೆ ಅನ್ನುವುದನ್ನೂ ನೀವು ಒಮ್ಮೆಯೂ ಹೇಳಲಿಲ್ಲ.

ಚಂದಾ ಹಣ ವಾಪಸ್ ಕೊಡಿ, ಆ ಮೂರು ದಿನ ಯಾಕೆ ಪರೀಕ್ಷೆ ಮಾಡಲಿಲ್ಲ ಅಂತ ಬರೆದು ತಿಳಿಸಿ. ಅದೇ ಕೊಟ್ಟಿಗೆಯಲ್ಲಿ ಇನ್ನೊಂದು ಹಸು, ಅದರ ಎಳೆಗರು ಇವೆ. ಈ ವಾರದೊಳಗೆ ಒಬ್ಬ ಡಾಕ್ಟರನ್ನು ಕಳಿಸಿ ಅವೆರಡರ ರಕ್ತ ಪರೀಕ್ಷೆ ಮಾಡಿಸಿ. ಬರುವವರು ಗಾಜಿನ ಪಟ್ಟಿ ತರಲಿ.

ಇಂತಿ,
ನಿಮ್ಮ ಚಂದಾದಾರ