ಚರ್ಚಿನ ಗ್ರಾಂಟಲ್ಲಿ ವ್ಯಾನ್ ಬರುತ್ತೆ, ಡ್ರೈವರ್ ಸಂಬಳ ಯಾಕೆ ಬರಲ್ಲ?

ಮಾನ್ಯ ಸಂಪಾದಕರೇ,

ಚರ್ಚುಗಳು ಸುತ್ತಮುತ್ತಲಿನ ಸೇವಾ ಸಂಸ್ಥೆಗಳಿಗೆ, ಜನರೇ ಸೇರಿ ನಡೆಸೋ ಸಣ್ಣಪುಟ್ಟ ಕೆಲಸಗಳಿಗೆ ವರ್ಷಾವರ್ಷ ಗ್ರಾಂಟ್ ಕೊಡ್ತಾವಲ್ಲ, ಅದರ ಬಗ್ಗೆ ನಾಲ್ಕು ಮಾತು ಬರೀಬೇಕು ಅಂತ ಬಹಳ ದಿನದಿಂದ ಅನ್ಕೊಂಡಿದ್ದೆ. ಆರು ವರ್ಷದಿಂದ ನಾನೂ ಅಂಥದ್ದೇ ಒಂದು ಗ್ರಾಂಟ್ ಕಮಿಟಿಯಲ್ಲಿ ಇದೀನಿ. ಬಂದ ಅರ್ಜಿ ಓದೋದು, ಜಾಗಕ್ಕೆ ಹೋಗಿ ನೋಡ್ಕೊಂಡು ಬರೋದು, ಆಮೇಲೆ ಮೀಟಿಂಗಲ್ಲಿ ಕೂತು ಯಾರಿಗೆ ಎಷ್ಟು ಅಂತ ತೀರ್ಮಾನ ಮಾಡೋದು, ಇಷ್ಟೇ ನಮ್ಮ ಕೆಲಸ. ಒಳ್ಳೇ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಾವು ಕೊಡೋ ದುಡ್ಡಲ್ಲಿ ಬಹುಪಾಲು ಸಾಮಾನಿಗೆ ಹೋಗುತ್ತೆ, ಆ ಸಾಮಾನು ಇಟ್ಕೊಂಡು ದಿನಾ ದುಡಿಯೋ ಜನಕ್ಕೆ ಹೋಗಲ್ಲ, ನನ್ನ ಸಂಕಟ ಇದೊಂದೇ.

ಹೋದ ವರ್ಷ ನಾನು ನೋಡಿದ್ದನ್ನ ಹೇಳ್ತೀನಿ. ನಡೆಯೋಕಾಗದ ವಯಸ್ಸಾದವರನ್ನ ಮನೆಯಿಂದ ಕರ್ಕೊಂಡು ಬಂದು, ಹಗಲೆಲ್ಲಾ ಜೊತೆಗಿಟ್ಕೊಂಡು, ಸಂಜೆ ವಾಪಸ್ ಬಿಡೋ ಒಂದು ಸಣ್ಣ ಕೇಂದ್ರ ಅದು. ಅವರಿಗೆ ನಮ್ಮ ಕಮಿಟಿಯೇ ಮೂರು ವರ್ಷದ ಹಿಂದೆ ಒಂದು ವ್ಯಾನ್ ಕೊಟ್ಟಿತ್ತು, ವೀಲ್‌ಚೇರ್ ಹತ್ತಿಸೋಕೆ ಹಿಂದೆ ಲಿಫ್ಟ್ ಇರೋದು. ಕೊಟ್ಟ ದಿನ ರಿಬ್ಬನ್ ಕಟ್ಟಿ, ಪ್ರಾರ್ಥನೆ ಮಾಡಿ, ಫೋಟೋ ತೆಗೆಸ್ಕೊಂಡು ಬಂದಿದ್ವಿ. ಈಗ ಹೋಗಿ ನೋಡಿದ್ರೆ ವ್ಯಾನ್ ಮೇಲೆ ಟಾರ್ಪಾಲು, ಟಾರ್ಪಾಲಿನ ಮಡಿಕೆಯಲ್ಲಿ ಮಳೆನೀರು ನಿಂತು ಪಾಚಿ ಕಟ್ಟಿದೆ, ಎಡಗಡೆ ಹಿಂದಿನ ಟೈರು ಪೂರ್ತಿ ಕೂತ್ಬಿಟ್ಟಿದೆ. ಬಾಗಿಲ ಮೇಲೆ ನಮ್ಮ ಚರ್ಚಿನ ಹೆಸರು ಮಾತ್ರ ಹೊಸದರ ಹಾಗೇ ಇದೆ. ಕೇಂದ್ರ ನಡೆಸೋ ಅಮ್ಮನ್ನ ಏನಾಯ್ತು ಅಂತ ಕೇಳಿದೆ. ಕೋಪ ಮಾಡ್ಕೊಳ್ಲಿಲ್ಲ ಅವರು, ಬೇಜಾರಲ್ಲೇ ಹೇಳಿದ್ರು, "ವ್ಯಾನ್ ಕೊಟ್ರಿ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ, ಡ್ರೈವರಿಗೆ ಸಂಬಳ ಎಲ್ಲಿಂದ ತರೋಣ ಸಾರ್? ಒಂದು ವರ್ಷ ನಮ್ಮ ಮಗನೇ ಓಡಿಸಿದ, ಅವನಿಗೆ ಕೆಲಸ ಸಿಕ್ತು, ಹೋದ. ಇನ್ಶೂರೆನ್ಸ್ ಕಟ್ಟೋಕೂ ಆಗಲಿಲ್ಲ."

ಅವತ್ತು ರಾತ್ರಿ ಮನೆಗೆ ಬಂದು ಅವರ ಹಳೇ ಅರ್ಜಿ ಹುಡುಕಿ ತೆಗೆದೆ. ಅದರಲ್ಲಿ ಅವರು ಕೇಳಿದ್ದು ಮೊದಲು ಡ್ರೈವರಿನ ಸಂಬಳ, ವ್ಯಾನ್ ಆಮೇಲೆ. ಬಾಡಿಗೆ ವ್ಯಾನ್ ಆದ್ರೂ ಪರವಾಗಿಲ್ಲ, ಎರಡು ವರ್ಷ ಒಬ್ಬ ಡ್ರೈವರನ್ನ ಇಟ್ಕೊಳ್ಳೋಕೆ ಸಹಾಯ ಮಾಡಿ ಅಂತ ಸ್ಪಷ್ಟವಾಗಿ ಬರೆದಿದ್ರು. ನಾವೇ ಅದರ ಮೇಲೆ ಪೆನ್ನಲ್ಲಿ ಗೀಟು ಹಾಕಿ "ನಿರ್ವಹಣಾ ವೆಚ್ಚ, ನಿಯಮದಲ್ಲಿ ಅವಕಾಶ ಇಲ್ಲ" ಅಂತ ಬರೆದಿದ್ವಿ. ಆ ಅಕ್ಷರ ನಂದೇ.

ಈ ನಿಯಮ ನಮ್ಮಲ್ಲಿ ಮಾತ್ರ ಇರೋದಲ್ಲ, ಗ್ರಾಂಟ್ ಕೊಡೋ ಬಹಳ ಕಡೆ ಇದೆ. ಸಂಬಳ, ಬಾಡಿಗೆ, ಕರೆಂಟ್ ಬಿಲ್ಲು, ಆಡಿಟರ್ ಫೀಸು ಎಲ್ಲಾನೂ ಓವರ್‌ಹೆಡ್ ಅಂತ ಒಂದೇ ಗಂಟು ಕಟ್ಟಿ ಪಕ್ಕಕ್ಕಿಡ್ತಾರೆ, ಏನೋ ದುಂದುವೆಚ್ಚ ಅನ್ನೋ ಹಾಗೆ. ಆದ್ರೆ ಅನಾಥ ಮಕ್ಕಳಿಗೆ ಪಾಠ ಹೇಳಿಕೊಡೋ ಜಾಗದಲ್ಲಿ ಟೀಚರ್ ಸಂಬಳ ಓವರ್‌ಹೆಡ್ ಹೇಗಾಗುತ್ತೆ, ಅದೇ ಅಲ್ವಾ ಅಲ್ಲಿ ನಡೀತಿರೋ ಕೆಲಸ? ವಸ್ತು ಆದ್ರೆ ಕಣ್ಣಿಗೆ ಕಾಣುತ್ತೆ, ಹೆಸರು ಬರೆಸಬಹುದು, ಭಾನುವಾರ ಸಭೆಯ ಮುಂದೆ ಸ್ಕ್ರೀನ್ ಮೇಲೆ ತೋರಿಸಬಹುದು, ಸಂಬಳದ ಫೋಟೋ ತೆಗೆಯೋಕಾಗಲ್ಲ, ಅದಕ್ಕೇ ಹೀಗಾಗ್ತಿದೆ ಅಂತ ನನಗನ್ನಿಸುತ್ತೆ. ಕೊಡೋರ ಮನಸ್ಸು ಕೆಟ್ಟದು ಅಂತ ನಾನು ಖಂಡಿತ ಹೇಳ್ತಿಲ್ಲ.

ಚರ್ಚಿನ ಹಳೇ ಪದ್ಧತಿ ಹೀಗಿರಲಿಲ್ಲ. ಕ್ರಿಸ್ತಶಕ 150ರ ಆಸುಪಾಸು ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟರ್ ಭಾನುವಾರದ ಕಾಣಿಕೆ ಬಗ್ಗೆ ಬರೆದಿಟ್ಟಿದ್ದಾನೆ. ಅನುಕೂಲ ಇದ್ದೋರು ತಮಗೆ ತೋಚಿದಷ್ಟು ಕೊಡ್ತಿದ್ರು, ಅದು ಸಭೆ ನಡೆಸೋನ ಹತ್ರ ಸೇರ್ತಿತ್ತು, ಅದರಿಂದ ಅನಾಥರು, ವಿಧವೆಯರು, ಕಾಯಿಲೆಯೋರು, ಸೆರೆಯಲ್ಲಿದ್ದೋರು, ಬೇರೆ ಊರಿಂದ ಬಂದ ಪರದೇಶಿಗಳು ಎಲ್ಲರನ್ನೂ ನೋಡ್ಕೊಳ್ತಿದ್ರು. ಆ ಪಟ್ಟಿ ಪೂರ್ತಿ ಮನುಷ್ಯರೇ. ಪರದೇಶಿಗಳೂ ಇದಾರೆ ಅನ್ನೋದನ್ನ ಗಮನಿಸಬೇಕು, ಯಾಕಂದ್ರೆ ಚರ್ಚ್ ದುಡ್ಡು ಕೊಡ್ತಿದೆ ಅಂದ ಕೂಡ್ಲೇ ಹಿಂದೆ ಏನೋ ಉದ್ದೇಶ ಇದೆ ಅನ್ನೋ ಮಾತು ಬರುತ್ತೆ. ನಾನು ಕೂತಿರೋ ಕಮಿಟಿಯಲ್ಲಿ ಸಹಾಯ ಪಡೆಯೋರ ಧರ್ಮ ಕೇಳೋ ಹಾಗಿಲ್ಲ, ಆರಾಧನೆಗೆ ಬರಬೇಕು ಅಂತ ಷರತ್ತು ಹಾಕೋ ಸಂಸ್ಥೆಗೆ ಗ್ರಾಂಟೇ ಇಲ್ಲ. ಈ ಒಂದು ನಿಯಮ ಮಾತ್ರ ಎಲ್ಲಾ ಕಡೆ ಬರವಣಿಗೆಯಲ್ಲಿ ಇರಲೇಬೇಕು, ಬಾಯಿಮಾತು ಸಾಲದು.

ಇನ್ನೊಂದು ವಿಷಯ, ಬೈಬಲಿನಲ್ಲಿ ಮೊದಲ ಚರ್ಚಿನ ಕಥೆ ಹೇಳೋ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದ್ದು. ಯೆರೂಸಲೇಮಿನ ಸಭೆಯಲ್ಲಿ ದಿನಾ ಹಂಚುವಾಗ ಗ್ರೀಕ್ ಮಾತಾಡೋ ವಿಧವೆಯರನ್ನ ಅಲಕ್ಷ್ಯ ಮಾಡ್ತಿದಾರೆ ಅಂತ ದೂರು ಬಂತು. ಆಗ ಹಂಚೋ ಜವಾಬ್ದಾರಿಗೆ ಏಳು ಜನರನ್ನ ಆರಿಸಿದ್ರು, ಆ ಏಳು ಹೆಸರೂ ಗ್ರೀಕ್ ಹೆಸರುಗಳೇ. ಅಂದ್ರೆ ಯಾರ ಕಡೆಯಿಂದ ದೂರು ಬಂದಿತ್ತೋ ಅವರ ಭಾಷೆ, ಅವರ ಕಷ್ಟ ಗೊತ್ತಿರೋರ ಕೈಗೇ ಹಂಚೋ ಕೆಲಸ ಹೋಯ್ತು ಅಂತ ನಾನು ಅರ್ಥ ಮಾಡ್ಕೊಂಡಿದೀನಿ. ನಮ್ಮ ಕಮಿಟಿಯಲ್ಲಿ ಒಬ್ಬರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್, ಒಬ್ಬರು ವಕೀಲರು, ಇಬ್ಬರು ಬಿಸಿನೆಸ್‌ನವರು, ಒಬ್ಬರು ಡಾಕ್ಟರು, ನಾನು. ಎಲ್ಲಾ ಒಳ್ಳೇ ಜನ. ಆದ್ರೆ ವೀಲ್‌ಚೇರಲ್ಲಿ ಕೂತು ವ್ಯಾನಿಗೆ ಕಾದೋರು ಒಬ್ಬರೂ ಇಲ್ಲ, ಒಂದು ಸಣ್ಣ ಸಂಸ್ಥೆ ನಡೆಸಿ ತಿಂಗಳ ಕೊನೇಲಿ ಸಂಬಳಕ್ಕೆ ಪರದಾಡಿದೋರೂ ಇಲ್ಲ. ಅಂಥ ಇಬ್ಬರು ಇದ್ದಿದ್ರೆ ಡ್ರೈವರ್ ಸಂಬಳದ ಮೇಲೆ ಗೀಟು ಬೀಳ್ತಿರಲಿಲ್ಲ.

ಅರ್ಜಿ ಫಾರಂ ಬಗ್ಗೆಯೂ ಹೇಳಲೇಬೇಕು. ನಮ್ಮದು 14 ಪುಟ ಇದೆ. ದೊಡ್ಡ ಸಂಸ್ಥೆಗಳಲ್ಲಿ ಅರ್ಜಿ ಬರೆಯೋಕೇ ಸಂಬಳದ ಜನ ಇರ್ತಾರೆ, ಅವರಿಗದು ಅರ್ಧ ದಿನದ ಕೆಲಸ. ಮಕ್ಕಳಿಗೆ ಸಂಜೆ ಪಾಠ ಹೇಳೋ ಒಬ್ಬ ಹೆಣ್ಮಗಳು ಕಳಿಸಿದ್ದ ಫಾರಂ ನನ್ನ ಹತ್ರ ಇನ್ನೂ ಇದೆ, ಕೈಬರಹ, ಮೂರು ಬಣ್ಣದ ಇಂಕು, ಅಂದ್ರೆ ಮೂರು ಸಲ ಕೂತು ತುಂಬಿದಾರೆ. "ಗ್ರಾಂಟ್ ಮುಗಿದ ಮೇಲೆ ಯೋಜನೆಯ ಸುಸ್ಥಿರತೆ ಹೇಗೆ?" ಅಂತ ನಾವು ಕೇಳಿದ್ದ ಜಾಗದಲ್ಲಿ ಅವರು ಬರೆದಿದ್ದು ಇಷ್ಟೇ, "ಮುಂದಿನ ವರ್ಷವೂ ಇದೇ ಮಕ್ಕಳು ಬರ್ತಾರೆ, ನಾನೂ ಇರ್ತೀನಿ." ಮೀಟಿಂಗಲ್ಲಿ ಆ ಉತ್ತರಕ್ಕೆ ಹತ್ತಕ್ಕೆ ಎರಡು ಮಾರ್ಕ್ಸ್ ಬಿತ್ತು. ನಾನು ಹತ್ತು ಕೊಡ್ತಿದ್ದೆ, ಆದ್ರೆ ಅವತ್ತು ಬಾಯಿಬಿಡಲಿಲ್ಲ.

ಹಾಗಂತ ಲೆಕ್ಕ ಬೇಡ ಅಂತ ನಾನು ಹೇಳಲ್ಲ, ಲೆಕ್ಕ ಬೇಕೇ ಬೇಕು. ಯೆರೂಸಲೇಮಿನ ಬಡವರಿಗೆ ಅಂತ ಸಂಗ್ರಹಿಸಿದ ಹಣವನ್ನ ಅಪೊಸ್ತಲ ಪೌಲ ಒಬ್ಬನೇ ತಗೊಂಡು ಹೋಗಲಿಲ್ಲ, ಇಷ್ಟು ದೊಡ್ಡ ಕಾಣಿಕೆ ವಿಷಯದಲ್ಲಿ ಯಾರೂ ತಪ್ಪು ಹುಡುಕೋ ಹಾಗಾಗಬಾರದು ಅಂತ ಸಭೆಗಳೇ ಆರಿಸಿದ ಸಹೋದರನನ್ನ ಜೊತೆಗಿಟ್ಕೊಂಡಿದ್ದ, ಬೈಬಲಿನಲ್ಲಿರೋ, ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಅವನೇ ಹೇಳ್ತಾನೆ. ಲೆಕ್ಕ ಕೇಳೋಕೆ 14 ಪುಟ ಬೇಕಾಗಿಲ್ಲ, ವರ್ಷಕ್ಕೆ ಎರಡು ಸಲ ಹೋಗಿ ಅರ್ಧ ದಿನ ಕೂತ್ರೆ ಸಾಕು, ರಸೀದಿ ಫೈಲ್ ನೋಡಿ, ಅಲ್ಲಿರೋರ ಹತ್ರ ಮಾತಾಡಿ. ಅವತ್ತೇ ಹೋಗಿದ್ರೆ ಆ ಟಾರ್ಪಾಲು ನಮಗೆ ಎರಡು ವರ್ಷ ಮುಂಚೆನೇ ಕಾಣ್ತಿತ್ತು.

ದುಡ್ಡು ಎಲ್ಲಿಂದ ಬರುತ್ತೆ ಅನ್ನೋದನ್ನೂ ನೆನಪಿಡಬೇಕು. ನ್ಯೂಯಾರ್ಕಿನ ಟ್ರಿನಿಟಿ ಚರ್ಚಿಗೆ 1705ರಲ್ಲಿ ಇಂಗ್ಲೆಂಡಿನ ರಾಣಿ ಆನ್ ಕೊಟ್ಟ ಜಮೀನಿದೆ, ಅಂಥ ಆಸ್ತಿಯ ಆದಾಯದಿಂದ ಅವರು ದೊಡ್ಡ ದೊಡ್ಡ ಗ್ರಾಂಟ್ ಕೊಡ್ತಾರೆ, ಅಂಥ ಚರ್ಚುಗಳು ಬಹಳ ಕಮ್ಮಿ. ಅದೇ ದೇಶದ ಎಪಿಸ್ಕೋಪಲ್ ಚರ್ಚಿನ (ಆಂಗ್ಲಿಕನ್ ಪಂಗಡದ್ದು) ಹೆಂಗಸರು 1889ರಲ್ಲಿ ಶುರು ಮಾಡಿದ ಕೃತಜ್ಞತಾ ಕಾಣಿಕೆ ಮಾತ್ರ ಎಲ್ಲರ ಕೈಗೂ ಎಟುಕೋದು. ಮೊದಲ ಸಲ ಸೇರಿದ್ದು 2,188 ಡಾಲರ್ ಚಿಲ್ಲರೆ. ಮನೆಯಲ್ಲಿ ಒಂದು ನೀಲಿ ಡಬ್ಬಿ, ದಿನದಲ್ಲಿ ಏನಾದ್ರೂ ಒಳ್ಳೇದಾದ್ರೆ ಅದರಲ್ಲೊಂದು ನಾಣ್ಯ, ಹೀಗೆ ಕೂಡಿಟ್ಟಿದ್ದು ಗ್ರಾಂಟ್ ಆಗಿ ಹೋಗುತ್ತೆ, ಇವತ್ತಿಗೂ ನಡೀತಿದೆ. ನಮ್ಮ ಕಮಿಟಿಗೆ ಬರೋ ದುಡ್ಡಲ್ಲೂ ದೊಡ್ಡ ಚೆಕ್ಕುಗಳು ಎಣಿಸೋ ಅಷ್ಟೇ, ಉಳಿದಿದ್ದೆಲ್ಲಾ ಕಾಣಿಕೆ ಚೀಲದ ಚಿಲ್ಲರೆ. ಎಣಿಸೋಕೆ ಕೂತಾಗ ಎಷ್ಟೋ ನೋಟು ನಾಲ್ಕು ಮಡಿಕೆಯಾಗಿ, ಬೆವರಿಗೆ ಮೆತ್ತಗಾಗಿ ಬಂದಿರುತ್ತೆ. ಅಂಥ ನೋಟು ಸೇರಿಸಿ ಕೊಂಡ ವ್ಯಾನ್ ಅಲ್ಲಿ ನಿಂತಿದೆ.

ನನ್ನ ಕೇಳಿಕೆ ಹೆಚ್ಚೇನಿಲ್ಲ ಸಂಪಾದಕರೇ, ನಿಮ್ಮ ಪತ್ರಿಕೆ ಓದೋರಲ್ಲಿ ಇಂಥ ಕಮಿಟಿಗಳಲ್ಲಿ ಇರೋರು ಬೇಕಾದಷ್ಟು ಜನ ಇರ್ತಾರೆ, ಅವರಿಗೆ ಹೇಳ್ತಿದೀನಿ. ಸಂಬಳ, ಬಾಡಿಗೆಗೂ ಗ್ರಾಂಟ್ ಕೊಡಿ, ಒಂದೇ ವರ್ಷಕ್ಕೆ ನಿಲ್ಲಿಸದೆ ಎರಡು ಮೂರು ವರ್ಷಕ್ಕೆ ಮಾತು ಕೊಡಿ, ಯಾಕಂದ್ರೆ ಹನ್ನೊಂದನೇ ತಿಂಗಳಿಗೆ ಬೇರೆ ಕೆಲಸ ಹುಡುಕಬೇಕಾದ ಟೀಚರ್ ಮಕ್ಕಳ ಮೇಲೆ ಮನಸ್ಸಿಡೋದು ಕಷ್ಟ. ಸಣ್ಣ ಮೊತ್ತಕ್ಕೆ ಎರಡು ಪುಟದ ಅರ್ಜಿ ಸಾಕು. ಇಲ್ಲ ಅನ್ನೋದಾದ್ರೆ ಯಾಕೆ ಇಲ್ಲ ಅಂತ ಒಂದು ಫೋನ್ ಮಾಡಿ ಹೇಳಿ, ಮೂರು ಇಂಕಲ್ಲಿ ಬರೆದೋರಿಗೆ ಅಷ್ಟಾದ್ರೂ ಸಲ್ಲಬೇಕು.

ಬರೋ ತಿಂಗಳು ನಮ್ಮ ಮೀಟಿಂಗ್ ಇದೆ. ಆ ಕೇಂದ್ರದ ಅಮ್ಮ ಮತ್ತೆ ಅರ್ಜಿ ಹಾಕಿದಾರೆ, ಡ್ರೈವರ್ ಸಂಬಳ, ಇನ್ಶೂರೆನ್ಸ್, ಒಂದು ಟೈರು. ನಿಯಮ ಬದಲಾಯಿಸಿ ಅಂತ ನಾನು ಬರವಣಿಗೆಯಲ್ಲಿ ಕೊಟ್ಟಿದೀನಿ, ಆ ಅಮ್ಮನನ್ನೇ ಕಮಿಟಿಗೆ ಸೇರಿಸಿ, ಬೇಕಾದ್ರೆ ನನ್ನ ಜಾಗ ಬಿಟ್ಟುಕೊಡ್ತೀನಿ ಅಂತಾನೂ ಅದೇ ಪತ್ರದಲ್ಲಿ ಬರೆದಿದೀನಿ.

ಇಂತಿ,
ಒಬ್ಬ ಗ್ರಾಂಟ್ ಕಮಿಟಿ ಸದಸ್ಯ