ಗೆಳೆಯನಿಗೊಂದು ಪತ್ರ: ಗೇರಿಲ್ಲದೆ ಆಗುಂಬೆ ಹತ್ತಿದ್ದು

ಪ್ರೀತಿಯ ದಿನು,

ಕರೆಂಟ್ ಕಾರು ತೆಗೆದುಕೊಂಡೆಯಾ, ಘಾಟಿ ಹತ್ತುತ್ತದಾ ಅಂತ ನೀನು ಕೇಳಿದ್ದಕ್ಕೆ ಎಲ್ಲರ ಎದುರೇ ಉತ್ತರ ಬರೆಯುತ್ತಿದ್ದೇನೆ. ಹೌದು ಮಾರಾಯ, ಕರೆಂಟ್ ಕಾರು ತೆಗೆದುಕೊಂಡೆ. ಉಡುಪಿಯಿಂದ ಆಗುಂಬೆಗೂ ಹೋಗಿ ಬಂದೆ.

ಪೆಟ್ರೋಲ್ ಎಂಜಿನ್ ಒಂದಷ್ಟು ಸುತ್ತು ಏರಿದ ಮೇಲೆಯೇ ಬಲ ಕೊಡುವುದು. ಅದಕ್ಕೇ ಗೇರು, ಅದಕ್ಕೇ ಕ್ಲಚ್ಚು. ಕರೆಂಟ್ ಕಾರಿನ ಮೋಟಾರು ನಿಂತಲ್ಲಿಂದಲೇ ಪೂರ್ತಿ ಎಳೆಯುತ್ತದೆ. ಆ ಪಿಕಪ್ ನೀನು ನೋಡಲೇಬೇಕು. ಸೋಮೇಶ್ವರ ದಾಟಿ ಘಾಟಿ ಶುರುವಾದಾಗ ನನ್ನ ಎಡಗೈ ಸುಮ್ನೆ ಗೇರ್ ಹುಡುಕಿತು. 14 ಹೇರ್‌ಪಿನ್ ತಿರುವು ಮುಗಿದರೂ ಅದಕ್ಕೆ ಕೆಲಸ ಸಿಗಲಿಲ್ಲ.

ಬ್ಯಾಟರಿ ನೆಲದಡಿ ಇರುವುದರಿಂದ ಭಾರವೆಲ್ಲ ಕೆಳಗೆ, ತಿರುವಿನಲ್ಲಿ ಕಾರು ವಾಲುವುದು ಕಡಿಮೆ. ಮುಂದೆ ದೊಡ್ಡ ಎಂಜಿನ್ ಇಲ್ಲದ ಮೇಲೆ ಅಷ್ಟುದ್ದ ಬಾನೆಟ್, ಗಾಳಿ ಒಳಗೆ ಬಿಡುವ ಅಷ್ಟಗಲ ಗ್ರಿಲ್ ಯಾಕೆ ಬೇಕು? ಆದರೂ ಎಷ್ಟೋ ಕಾರುಗಳಲ್ಲಿ ಮುಚ್ಚಿದ ಗ್ರಿಲ್ ಹಾಗೇ ಉಂಟು. ನನಗೆ ಅದು ಇಷ್ಟವಿಲ್ಲ. ಹೊಸ ಗಾಡಿಗೆ ಹೊಸ ಮುಖವೇ ಬರಲಿ.

ಶಬ್ದದ ಕತೆ ಬೇರೆ. ಮಹೀಂದ್ರದವರು ತಮ್ಮ ಕರೆಂಟ್ ಕಾರುಗಳ ಶಬ್ದಕ್ಕೆ ಎ. ಆರ್. ರೆಹಮಾನ್ ಅವರನ್ನು ಕರೆತಂದರು. ಹುಂಡೈನ ಕರೆಂಟ್ ಕಾರು ಅಯೋನಿಕ್ 5 ಎನ್ ಇನ್ನೂ ಮುಂದೆ ಹೋಗಿದೆ. ಇಲ್ಲದ ಗೇರು ಬದಲಾದ ಹಾಗೆ ಜರ್ಕ್ ಕೊಡುತ್ತದೆ, ಎಂಜಿನ್ನಿನ ಶಬ್ದವನ್ನು ಸ್ಪೀಕರಿನಲ್ಲಿ ಕೇಳಿಸುತ್ತದೆ. ಯಾರಿಗೆ ಬೇಕು ಇದೆಲ್ಲ ಅನ್ನಿಸಿತ್ತು. ಘಾಟಿ ಇಳಿಯುವಾಗ ಹಾಗನ್ನಿಸಲಿಲ್ಲ.

ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಅಪ್ಪ ಹೇಳುತ್ತಿದ್ದದ್ದು ನಿನಗೂ ಗೊತ್ತುಂಟು. ಬ್ರೇಕ್ ಬಿಸಿಯಾಗಬಾರದು, ಎಂಜಿನ್ನೇ ಕಾರನ್ನು ಹಿಡಿಯಬೇಕು. ಈಗ ಎಕ್ಸಲರೇಟರಿನಿಂದ ಕಾಲು ತೆಗೆದರೆ ಸಾಕು. ಮೋಟಾರು ಜನರೇಟರ್ ಆಗಿ ಕಾರನ್ನು ಹಿಡಿಯುತ್ತದೆ, ಹತ್ತುವಾಗ ಖರ್ಚಾದದ್ದರಲ್ಲಿ ಒಂದು ಪಾಲು ಬ್ಯಾಟರಿಗೆ ವಾಪಸ್ ಬರುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಮಾತ್ರ ಆ ಹಿಡಿತ ಕಡಿಮೆ.

ಪಕ್ಕದಲ್ಲಿ ಮಗಳಿದ್ದಳು. ಮುಂದಿನ ವರ್ಷ ಅವಳಿಗೆ 18. ಇವಳಿಗೆ ನಾನು ಏನು ಹೇಳಿಕೊಡಲಿ ಅಂತ ಯೋಚಿಸಿದೆ. ಜಾಸ್ತಿ ಏನೂ ಹೊಳೆಯಲಿಲ್ಲ. ಅಪ್ಪನೂ ನಾನೂ ಮನೆಯಲ್ಲಿ ಮಾತಾಡಿದ್ದು ಕಡಿಮೆ, ನೀನೇ ನೋಡಿದ್ದೀಯಲ್ಲ. ಕಾರಿನಲ್ಲಿ ಮಾತ್ರ ಗೇರ್ ಹಿಡಿದ ನನ್ನ ಕೈಯ ಮೇಲೆ ಅವರ ಕೈ ಇರುತ್ತಿತ್ತು. "ಕೇಳು, ಎಂಜಿನ್ ಒದ್ದಾಡ್ತಾ ಉಂಟು, ಸೆಕೆಂಡಿಗೆ ಹಾಕು" ಅನ್ನುತ್ತಿದ್ದರು. ದೊಡ್ಡವನಾದ ಮೇಲೆ ಅವರು ನನ್ನನ್ನು ಮುಟ್ಟಿದ ನೆನಪು ಅದೊಂದೇ. ಎಂಜಿನ್ ಹೋದರೆ ಹೋಗಲಿ, ಆ ಕೈಗೆ ಇನ್ನು ಯಾವ ನೆಪ ಸಿಗುತ್ತದೆ ಅನ್ನುವುದು ನನ್ನನ್ನು ಕಾಡುತ್ತಿದೆ. ಇಷ್ಟು ಜನರ ಎದುರು ಇದನ್ನು ಬರೆಯುವ ಯೋಚನೆ ಇರಲಿಲ್ಲ.

ಕಾರನ್ನು ದೂರುತ್ತಿಲ್ಲ. ಹೊಗೆ ಇಲ್ಲ, ಕಿಟಕಿ ಇಳಿಸಿದರೆ ಘಾಟಿಯ ಜೀರುಂಡೆ ಕೇಳುತ್ತದೆ. ಇದೇ ಬರಬೇಕು, ಬರುತ್ತದೆ.

ಇರಲಿ. ನಿನ್ನ ಹಳೇ ಮಾರುತಿ 800 ಇನ್ನೂ ಓಡುತ್ತದೆ ಅಲ್ವಾ? ಮಾರಬೇಡ. ದಸರಾ ರಜೆಯಲ್ಲಿ ಮಗಳನ್ನು ಕರೆದುಕೊಂಡು ಸುರತ್ಕಲ್‌ಗೆ ಬರುತ್ತೇನೆ. ಗೇರ್ ಕರಕರ ಅಂದರೆ ನನ್ನನ್ನು ಬಯ್ಯಿ, ಅವಳನ್ನಲ್ಲ. ಮಧ್ಯಾಹ್ನಕ್ಕೆ ಬಂಗುಡೆ ಪುಳಿಮುಂಚಿ ಮಾಡಿಸಿಡು.

ನಿನ್ನ,
ಪುಟ್ಟ